ನಾಯಿಗೆ ಕೀಮೋ, ಮಾವನಿಗೆ ಗುಮಾನಿ

ನನ್ನ ಸೋದರಮಾವ ಅನುಮಾನಿಸದ ವಸ್ತು ಈ ಭೂಮಿಯ ಮೇಲೆ ಯಾವುದಾದರೂ ಇದ್ದರೆ, ಅದಿನ್ನೂ ಅವರ ಊರು ಕೆರಗೋಡಿಗೆ ಬಂದಿಲ್ಲ ಎಂದೇ ಅರ್ಥ! ಮುತ್ತತ್ತಿಯ ಆಂಜನೇಯನಿಗೆ ಕೈಮುಗಿಯುವಾಗಲೂ ಅವರ ಒಂದು ಕಣ್ಣು ಹೊರಗೆ ಬಿಟ್ಟ ಚಪ್ಪಲಿಯ ಮೇಲೆ. ಮದ್ದೂರಿನಲ್ಲಿ ವಡೆ ಕೊಂಡರೆ ಮೊದಲ ತುಂಡನ್ನು ಮಾರುವವನಿಗೇ ತಿನ್ನಿಸುತ್ತಾರೆ.

ಇಂಥವರ ನಾಯಿ ಕೆಂಚನಿಗೆ ಕ್ಯಾನ್ಸರ್ ಬಂತು. ಅತ್ತೆ ತೀರಿಕೊಂಡ ಮೇಲೆ ಮಾವನಿಗೆ ಜೊತೆಯೆಂದರೆ ಅದೊಂದೇ. ಹಿಂಗಾಲ ಸಂದಿಯಲ್ಲಿ ಗಂಟು, ಸದಾ ರಕ್ತ. ಮಂಡ್ಯದ ಪಶುವೈದ್ಯೆ, "ವಾರಕ್ಕೊಂದು ಕೀಮೋ ಇಂಜೆಕ್ಷನ್ ಕೊಡೋಣ. ಗುಣವಾಗುವ ಸಾಧ್ಯತೆ ಚೆನ್ನಾಗಿದೆ" ಎಂದರು. ಹಾಗೆಂದದ್ದೇ ತಪ್ಪಾಯಿತು!

"ಗುಣ ಆಯ್ತದೆ ಅಂತ ಮೊದ್ಲೇ ಯೋಳೋರ್ನ ನಂಬಬಾರ್ದು ಕಣ್ಲಾ" ಎಂದು ಮಾವ ನನ್ನ ಕಿವಿಯಲ್ಲಿ ಉಸುರಿದರು.

ಆದರೂ ವಾರವಾರ ನನ್ನ ಕಾರಿನಲ್ಲಿ ಮಾವ, ಅವರ ತೊಡೆಯ ಮೇಲೆ ಕೆಂಚ. ಪ್ರತಿಸಲವೂ ಇಂಜೆಕ್ಷನ್‌ಗೆ ಮೊದಲು ರಕ್ತಪರೀಕ್ಷೆ.

"ಇದ್ರ ರಕ್ತ ತಗೊಂಡೋಗಿ ಯಾರಿಗೆ ಆಕ್ತೀರವ್ವ?"

ಡಾಕ್ಟರು ನಕ್ಕರು. ನಕ್ಕದ್ದಕ್ಕೂ ಅನುಮಾನ! "ಇಂಜೆಕ್ಷನ್ ಆದಮೇಲೆ ಒಂದೆರಡು ದಿನ ಇದರ ಉಚ್ಚೆ ಬರಿಗೈಯಲ್ಲಿ ಮುಟ್ಟಬೇಡಿ" ಎಂದಾಗಲಂತೂ ಮಾವ ಬೆವೆತುಹೋದರು.

"ಉಚ್ಚೇನೇ ಮುಟ್ಟಂಗಿಲ್ಲ ಅಂದ್ರೆ, ಆ ಔಸ್ದಿ ಒಟ್ಟೆ ಒಳಗೆ ಏನ್ ಮಾಡ್ತಾ ಅದೆ?"

ಮಾವನ ಗದ್ದೆಯಲ್ಲಿ ಕೆಂಚ ಕಾಲೆತ್ತಿದ ಕಬ್ಬಿನ ಸಾಲಿಗೆಲ್ಲ ಮುಳ್ಳುಬೇಲಿ ಬಿತ್ತು. ಆ ಸಲ ನಮ್ಮ ಮನೆಗೆ ಅವರ ಕಬ್ಬಿನ ಬೆಲ್ಲವೂ ಬರಲಿಲ್ಲ.

ಕೆಲವು ವಾರಗಳಲ್ಲಿ ಗಂಟು ಕರಗಿತು, ರಕ್ತ ನಿಂತಿತು. ಕೆಂಚ ಮುದ್ದೆ ನುಂಗತೊಡಗಿತು. ಇನ್ನಾದರೂ ಮಾವ ನಂಬಿದರೇ? ಎಲ್ಲಿ ಬಂತು! ದಿನವೂ ಅದರ ಮೈ ಬಾಚಿ, ಬಾಚಣಿಗೆಯನ್ನು ಬೆಳಕಿಗೆ ಹಿಡಿದು ನೋಡುವುದೇ ಕೆಲಸ. ಕೊನೆಗೊಂದು ದಿನ ಆ ಬಾಚಣಿಗೆಯನ್ನು ಡಾಕ್ಟರ ಮೇಜಿನ ಮೇಲೆ ಕುಕ್ಕಿದರು.

"ಇದು ಡೂಪ್ಲಿಕೇಟ್ ಔಸ್ದಿ ಕಣವ್ವ! ಇದಕ್ಕೆ ಕೂದ್ಲೇ ಉದುರ್ತಿಲ್ಲ!"

"ಹೆಚ್ಚಿನ ನಾಯಿಗಳಿಗೆ ಉದುರಲ್ಲ ಯಜಮಾನ್ರೇ. ಬೇಗ ಬೆಳೆಯೋದನ್ನ ಈ ಔಷಧಿ ಹಿಡಿಯುತ್ತೆ; ನಮ್ಮ ತಲೆಗೂದಲು ಸದಾ ಬೆಳೀತಿರುತ್ತೆ, ನಾಯಿ ಕೂದಲು ಹಾಗಲ್ಲ. ಉದುರೋದಕ್ಕೂ ಗುಣ ಆಗೋದಕ್ಕೂ ಸಂಬಂಧ ಇಲ್ಲ."

ಮಾವ ಬಾಚಣಿಗೆಯನ್ನು ಎತ್ತಿ ಜೇಬಿಗೆ ಹಾಕಿಕೊಂಡರು. ಕಾರಿನಲ್ಲಿ ಕೆಂಚನ ಬೆನ್ನು ಸವರುತ್ತಾ ಅಂದರು:

"ನಿಮ್ಮತ್ತೆಗೆ ಕೀಮೋ ಕೊಟ್ಟಾಗ ಅಷ್ಟುದ್ದ ಜಡೆ ಉದುರೋಯ್ತು. ಅಳೋಳು. ಉದುರುದ್ರೆ ಔಸ್ದಿ ಕೆಲ್ಸ ಮಾಡ್ತಾ ಅದೆ ಅಂತ್ಲೇ ಅರ್ಥ ಕಣಮ್ಮಿ, ಅಂತ ನಾನೇ ಯೋಳ್ತಿದ್ದೆ."

ಮಾವ ಕಿಟಕಿಯ ಕಡೆ ಮುಖ ತಿರುಗಿಸಿದರು.

"ಅವ್ಳು ನಂಬುದ್ಲು ಕಣ್ಲಾ."