ಮೀನಿಲ್ಲದ ಗಾಜಿನ ತೊಟ್ಟಿ

ತೊಟ್ಟಿಯ ಗಾಜು ಒಡೆದು ಬೀಗರಾಗಬೇಕಾದವರು ಪಡಸಾಲೆಯಲ್ಲಿ ತೇಲಬಹುದಿತ್ತು. ಬಸವನಹುಳ ಒಂದು ಹರಿದು ಬಂದು ಉಪ್ಪಿಟ್ಟಿನ ತಾಟಿನಲ್ಲಿ ಠಿಕಾಣಿ ಹೂಡಬಹುದಿತ್ತು. ಹುಡುಗನ ತಾಯಿಗೆ ಪಾಚಿಯ ವಾಸನೆ ಬಡಿದು ತಲೆ ತಿರುಗಬಹುದಿತ್ತು. "ಮಗಳ ಹೆಸರೇನ್ರಿ?" ಎಂದು ಕೇಳಿದರೆ ನಮ್ಮ ಕಾಕಾ ಯಾವುದೋ ಜೊಂಡಿನ ಹೆಸರು ಹೇಳಬಹುದಿತ್ತು. ಹಾಗೂ ಹೇಳುತ್ತಾರೆಯೇ ಎನ್ನುತ್ತೀರಾ? ನೀವು ನಮ್ಮ ಕಾಕಾನನ್ನು ಕಂಡಿಲ್ಲ! ಹಾನಗಲ್ಲಿನಲ್ಲಿ ಎಲ್ಲರೂ ಕಸವನ್ನು ಮನೆಯಿಂದ ಹೊರಗೆ ಹಾಕುತ್ತಾರೆ. ಕೆರೆಯ ಕಸವನ್ನು ಮನೆಯೊಳಗೆ ತಂದಿಟ್ಟು, ದಿನಾ ಬೆಳಿಗ್ಗೆ ಅದರ ಕ್ಷೇಮಸಮಾಚಾರ ಕೇಳುವವನು ಇವನೊಬ್ಬನೇ.

ಅಂದು ಅವನ ಮಗಳು ನೀಲವ್ವನನ್ನು ನೋಡಲು ಹಂಸಭಾವಿಯಿಂದ ಬರುವವರಿದ್ದರು. ಹಿಂದೆ ಬಂದ ಸಂಬಂಧಗಳೆಲ್ಲ ಮುರಿದಿದ್ದವು. ಇದೂ ಹೋದರೆ ಇನ್ನೊಂದು ಬರುವ ಭರವಸೆ ಯಾರಿಗೂ ಇರಲಿಲ್ಲ. ಹುಡುಗಿಯಲ್ಲಿ ಕೊರತೆಯೇನಿಲ್ಲ; ಕೊರತೆಯೆಲ್ಲ ಪಡಸಾಲೆಯ ಕಿಟಕಿಯ ಕೆಳಗೆ ಕೂತಿತ್ತು.

ಕಾಕಾ ಕನ್ನಡ ಸಾಲಿ ಮಾಸ್ತರ. ಬಂಕಾಪುರದ ಬಡಿಗನಿಂದ ಸಾಗವಾನಿ ಚೌಕಟ್ಟು ಮಾಡಿಸಿ, ಗಾಜು ಕೂಡಿಸಿ, ವರದಾ ಹೊಳೆಯ ಮರಳನ್ನು ಅಕ್ಕಿ ತೊಳೆದ ಹಾಗೆ ತೊಳೆದು ಹಾಸಿ, ಕಂಡ ಕಂಡ ಕೆರೆಯ ಗಿಡಗಳನ್ನು ಅದರಲ್ಲಿ ನೆಟ್ಟಿದ್ದ. ಗಿಡ ಮಾತ್ರ, ಒಂದು ಮೀನೂ ಇರಲಿಲ್ಲ! ಆದರೆ ಗಾಜಿನ ತೊಟ್ಟಿ ಎಂದಮೇಲೆ ಮೀನು ಇರಲೇಬೇಕೆಂದು ಊರು ತೀರ್ಮಾನಿಸಿತು. ಆ ಮೀನು ಶಿಗ್ಗಾಂವಿಗೆ ಹೋಗುವಷ್ಟರಲ್ಲಿ ಬೆಳೆದು ದೊಡ್ಡದಾಯಿತು. ಸವಣೂರು ಮುಟ್ಟುವಷ್ಟರಲ್ಲಿ ಸಾರಾಗಿ ಕುದಿಯಿತು! ಲಿಂಗ ಕಟ್ಟಿಕೊಂಡವರ ಮನೆಯಲ್ಲಿ ಮೀನು ಸಾಕುವುದು ಬರೇ ನೋಡಲಿಕ್ಕೇನು ಎಂದು ಕೇಳಿದವರು, ಹುಡುಗಿ ನೋಡಲು ಬರಲೇ ಇಲ್ಲ.

ನಿಜವಾದ ನೀರಿನ ಗಿಡದ ಗುರುತು ಹಿಡಿಯಲು ಕಾಕಾನದೇ ಒಂದು ಪರೀಕ್ಷೆ ಇತ್ತು. ಗಿಡವನ್ನು ನೀರಿನಿಂದ ಮೇಲೆತ್ತುವುದು. ಒದ್ದೆ ಕೂದಲಿನಂತೆ ಜೋತುಬಿದ್ದರೆ ಪಾಸು. ಸೆಟೆದು ನಿಂತರೆ, "ಇದು ದಂಡಿ ಮ್ಯಾಲಿಂದು. ಇಲ್ಲಿ ಸುಮ್ನ ಉಸರು ಹಿಡ್ಕೊಂಡು ಕುಂತೈತಿ!" ಎಂದು ನಪಾಸು ಮಾಡಿ ಹಿತ್ತಲಿಗೆ ಕಳಿಸುತ್ತಿದ್ದ. ಮೇಲೆ ತೇಲುವ ಅಂತರಗಂಗೆ ಹಬ್ಬಿದರೆ ಅರ್ಧ ತೆಗೆದುಬಿಡುತ್ತಿದ್ದ. ಕೆಳಗಿನವಕ್ಕೆ ಬೆಳಕು ಬೇಕಂತೆ. ಕೆಳಗಿನವರ ಬಗ್ಗೆ ಇಷ್ಟು ಕಾಳಜಿ ಸರಕಾರಕ್ಕೂ ಇರಲಿಲ್ಲ.

ಬೆಳಿಗ್ಗೆಯೇ ನಾನು ಒಂದು ಕೌದಿ ತಂದೆ.

"ಕಾಕಾ, ಇದನ್ನ ಮುಚ್ಚಿಬಿಡೂಣು. ಮ್ಯಾಲೊಂದು ತಂಬಿಗಿ ಇಟ್ರ ಮೇಜು ಅನ್ಕೋತಾರ."

"ನಿನ್ನ ಮಾರಿ ಮ್ಯಾಲೆ ಹಾಕ್ಲೇನು ಕೌದಿ? ಅವಕ್ಕ ಬೆಳಕು ಬ್ಯಾಡೇನಲೇ?"

"ಒಂದು ತಾಸು, ಕಾಕಾ!"

"ಮುಚ್ಚಿದ್ರ ಏನೋ ಐತಿ ಅಂತಾರ. ತೆರೆದಿಟ್ರ ಏನೂ ಇಲ್ಲ ಅಂತ ಕಾಣ್ತೈತಿ. ನೀ ಹೋಗಿ ಕುಂದ್ರು."

ಮಾಸ್ತರರ ಜೊತೆ ವಾದವುಂಟೆ? ಆ ಕೌದಿಯನ್ನು ನಾನೇ ಹೊದ್ದು ಮಲಗಿಬಿಡಲೇ ಎನಿಸಿತು.

ಬಂದರು. ಯುದ್ಧದ ಕಾಲ, ಪೆಟ್ರೋಲು ಎಲ್ಲಿಯದು? ಇದ್ದಿಲ ಗ್ಯಾಸಿನ ಬಸ್ಸು. ಹುಡುಗ, ಅವನ ತಂದೆ, ತಾಯಿ ಮೂವರ ಮಾರಿಗೂ ಮಸಿ. ಹುಡುಗನ ಬಣ್ಣ ಯಾವುದೆಂಬುದು ಅವನು ಮುಖ ತೊಳೆದಮೇಲೆಯೇ ತಿಳಿಯಿತು! ತಂದೆ ಮಾತ್ರ ಮುಖವನ್ನೂ ತೊಳೆಯದೆ ನೇರ ತೊಟ್ಟಿಯ ಮುಂದೆ ಕುಕ್ಕರಗಾಲಲ್ಲಿ ಕೂತು, ರುಮಾಲು ಹಿಂದೆ ಸರಿಸಿ, ಗಾಜಿಗೆ ಮೂಗು ಹಚ್ಚಿದ.

"ಎಲ್ಲಿ ಅದಾವ್ರಿ?"

"ಏನು?" ಎಂದ ಕಾಕಾ.

"ಮೀನು."

"ಇಲ್ರಿ."

"ಇಲ್ಲ? ಅಗಾ, ಎಲಿ ಹಿಂದ ಏನೋ ಹೊಳ್ಳಾಡಾಕತ್ತೈತಿ!"

ಹೌದು, ಹೊರಳಾಡುತ್ತಿತ್ತು. ಬಾಲವೂ ಇತ್ತು! ಹಿಂದಿನ ವಾರ ಕಾಕಾ ಆಡೂರ ಕೆರೆಯಿಂದ ಹೊಸ ಗಿಡವೊಂದನ್ನು ತಂದಿದ್ದ. ಅದರೊಡನೆ ಏನು ಬಂದಿತ್ತೋ! ಅಡುಗೆಮನೆಯ ಕದದ ಹಿಂದೆ ನೀಲವ್ವನ ಬಳೆಗಳ ಸದ್ದು ನಿಂತುಹೋಯಿತು. ಕಾಕಾ ಇದ್ದೊಂದು ಕರಿ ಕೋಟಿನ ತೋಳು ಸಮೇತ ಕೈ ಮುಳುಗಿಸಿ, ಮುಷ್ಟಿ ತಂದು ಬೀಗನ ಮೂಗಿನ ಕೆಳಗೆ ಬಿಚ್ಚಿದ.

"ಮೀನಿಗೆ ಕಾಲಿರ್ತಾವೇನ್ರಿ?"

ಕಪ್ಪೆಮರಿ! ಬಾಲ ಇನ್ನೂ ಹೋಗಿರಲಿಲ್ಲ, ಹಿಂಗಾಲು ಮೂಡಿದ್ದವು.

"ಇರಂಗಿಲ್ರಿ," ಎಂದು ಆತ ಮೆತ್ತಗೆ ಒಪ್ಪಿಕೊಂಡ.

ಅಬ್ಬಾ ಎನ್ನುವಷ್ಟರಲ್ಲಿ ಹುಡುಗನ ತಾಯಿ ಆ ಆಡೂರ ಗಿಡದ ಕಡೆಗೆ ಬೆರಳು ತೋರಿಸಿದಳು. "ಇದ್ಯಾಕ್ರಿ ಮಾಸ್ತರ, ಹಿಂಗ ಕೊಳ್ತೈತಿ? ಕಿತ್ತು ಒಗೀಬಾರದೇನ್ರಿ?"

"ಕೀಳಬ್ಯಾಡ್ರಿ!" ಕಾಕಾ ಎರಡೂ ಕೈ ಅಡ್ಡ ಹಿಡಿದ. "ಬ್ಯಾರೆ ನೀರಿನ್ಯಾಗ ಬೆಳದಿದ್ದು ಅದು. ಹೊಸದಾಗಿ ಬಂದಾಗ ಹಳೀ ಎಲಿ ಎಲ್ಲಾ ಕೊಳ್ತು ಹೋಗ್ತಾವ. ಸತ್ತೇ ಹೋತು ಅನಸ್ತೈತಿ. ಬೇರು ಜೀವ ಹಿಡಕೊಂಡಿರ್ತೈತ್ರಿ. ಬೇರೂರೈತೋ ಇಲ್ಲೋ ಅಂತ ಮ್ಯಾಲಿಂದ ಮ್ಯಾಲೆ ಜಗ್ಗಿ ನೋಡಬಾರದು. ಒಂದಿಷ್ಟು ದಿವಸ ಸುಮ್ನ ಬಿಟ್ರ, ಈ ನೀರಿಗೆ ಹೊಂದೂ ಎಲಿ ತಾನ..."

ಮಾತು ಅಲ್ಲಿಗೇ ನಿಂತಿತು. ಅವನು ಅಡುಗೆಮನೆಯ ಕದದ ಕಡೆಗೆ ನೋಡಿದ. ಒದ್ದೆ ತೋಳಿನಿಂದಲೇ ಕಣ್ಣು ಒರೆಸಿಕೊಂಡ. ತೋಳಿಗೆ ಅಂಟಿದ್ದ ಪಾಚಿಯ ಎಳೆ ಕೆನ್ನೆಗೆ ಹತ್ತಿತು. ಯಾರೂ ನಗಲಿಲ್ಲ. ನಾನು ಎಣಿಸಿಟ್ಟುಕೊಂಡಿದ್ದ ಅಷ್ಟು ಅನಾಹುತಗಳಲ್ಲಿ ಇದು ಇರಲೇ ಇಲ್ಲ.

"ನಮ್ಮ ಮನ್ಯಾಗ ಜಗ್ಗಿ ನೋಡೋರು ಯಾರೂ ಇಲ್ರಿ, ಮಾಸ್ತರ," ಎಂದಳು ಹುಡುಗನ ತಾಯಿ. "ಕರೀರಿ ಹುಡುಗೀನ."

ಕರೆಯಲು ನಮಗೆ ಪುರುಸೊತ್ತೇ ಸಿಗಲಿಲ್ಲ. ಅಂದು ಪದ್ಧತಿಯಲ್ಲಿ ತಪ್ಪಿದ್ದು ಅದೊಂದೇ. ತಲೆಯ ಮೇಲೆ ಸೆರಗಿಲ್ಲದೆ, ಕೈಯಲ್ಲಿ ತಾಟಿಲ್ಲದೆ ಹುಡುಗಿ ತಾನೇ ಹೊರಗೆ ಬಂದುಬಿಟ್ಟಳು. ಯಾರ ಕಡೆಗೂ ನೋಡದೆ ಅಪ್ಪನ ಮುಂದೆ ನಿಂತು, ಅವನ ಕೆನ್ನೆಯ ಮೇಲಿನ ಪಾಚಿಯ ಎಳೆಯನ್ನು ಹರಿಯದ ಹಾಗೆ ಬಿಡಿಸಿ, ಮೆಲ್ಲಗೆ ನೀರಿಗೆ ಬಿಟ್ಟಳು.