ಸೀಟಿ ಹೊಡೆಯದ ಕಾರು

ಮೂವತ್ತೊಂದು ವರ್ಷ ನೀರಾವರಿ ಇಲಾಖೆಯ ಕಚೇರಿಯಲ್ಲಿ ಫೈಲು ನೋಡಿದವನು ನಾನು. ಯಾವುದೋ ಜಿಲ್ಲೆಯ ಕಾಲುವೆಗೆ ನೀರು ಯಾಕೆ ಬರಲಿಲ್ಲ ಎಂಬುದನ್ನು, ಕಾಲುವೆಯನ್ನು ಕಣ್ಣಿಂದ ನೋಡದೆ, ಕುರ್ಚಿಯಲ್ಲಿ ಕುಳಿತೇ ಪತ್ತೆ ಹಚ್ಚಿದವನು. ಅಂಥವನಿಗೆ ಒಂದು ಕಾರಿನೊಳಗೆ ಗಾಳಿ ಯಾಕೆ ಹೋಗುತ್ತಿಲ್ಲ ಎಂದು ಕಂಡುಹಿಡಿಯುವುದು ಏನು ಮಹಾ? ಅರ್ಧ ದಿನದ ಕೆಲಸ ಎಂದುಕೊಂಡೆ.

ಕಾರು ನನ್ನ ಅಣ್ಣನದು. ಮೂವತ್ತು ವರ್ಷ ಕಂಪನಿ ಬಸ್ಸಿನ ಕಿಟಕಿಗೆ ತಲೆ ಆನಿಸಿಕೊಂಡು ಪಟಾನ್‌ಚೆರುವಿನ ಔಷಧಿ ಕಾರ್ಖಾನೆಗೆ ಹೋಗಿ ಬಂದ ಅಣ್ಣ, ನಿವೃತ್ತನಾದ ಮರುತಿಂಗಳೇ ಒಂದು ಸ್ಪೋರ್ಟ್ಸ್ ಕಾರು ತಂದು ನಿಲ್ಲಿಸಿದ. ಕೆಂಪು ಬಣ್ಣ, ಎರಡೇ ಬಾಗಿಲು, ಈಗಾಗಲೇ ಇಬ್ಬರ ಕೈ ದಾಟಿ ಬಂದದ್ದು. ಅದರಲ್ಲಿ ಕೂಡುವುದೆಂದರೆ ಬಚ್ಚಲ ಹಂಡೆಯೊಳಗೆ ಇಳಿದ ಹಾಗೆ. ಏಳಲು ಇನ್ನೊಬ್ಬರ ಕೈ ಬೇಕು. ಆದರೆ ಅದಕ್ಕೆ ಟರ್ಬೊ ಇತ್ತು. ಎಂದರೆ, ಹೊರಗೆ ಹೋಗುವ ಹೊಗೆಯ ಬಲದಿಂದಲೇ ತಿರುಗಿ ಇಂಜಿನ್ನಿನ ಬಾಯಿಗೆ ಗಾಳಿ ತುರುಕುವ ಒಂದು ಚಕ್ರ. ಅಣ್ಣ ವೇಗ ಏರಿಸಿ ಕಾಲು ತೆಗೆದನೆಂದರೆ ಅದು ಸೀಟಿ ಹೊಡೆಯುತ್ತಿತ್ತು. ಬರ್ಕತ್‌ಪುರದ ನಮ್ಮ ಅಪಾರ್ಟ್‌ಮೆಂಟಿನ ಮುಂದಿನ ರಸ್ತೆಯಲ್ಲಿ ಆ ಸೀಟಿ ಕೇಳಿತೆಂದರೆ, ಮೂರನೇ ಮಹಡಿಯ ಗ್ಯಾಲರಿಯಲ್ಲಿ ಕುಳಿತ ವೈನಿ, ಅಂದರೆ ಅಣ್ಣನ ಹೆಂಡತಿ, ಎದ್ದು ಅಡುಗೆಮನೆಗೆ ಹೋಗುತ್ತಿದ್ದರು. ಚಹಾಕ್ಕೆ.

ಅಣ್ಣ ತೀರಿಹೋಗಿ ಐದು ತಿಂಗಳಾಗಿತ್ತು. ಕಾರು ಸೆಲ್ಲಾರಿನಲ್ಲಿ, ಅಂದರೆ ನೆಲದಡಿಯ ಪಾರ್ಕಿಂಗಿನಲ್ಲಿ, ನಿಂತೇ ಇತ್ತು. ಗಚ್ಚಿಬೌಲಿಯ ಒಬ್ಬ ಇಂಜಿನಿಯರು ಬರುವ ಭಾನುವಾರ ಅದನ್ನು ಕೊಂಡು ಒಯ್ಯುವುದೆಂದು ಮಾತಾಯಿತು.

"ರಘು," ಎಂದರು ವೈನಿ, "ಕೊಡೂಕಿಂತ ಮೊದಲ ಒಂದ್ ಸಲ ಮನಿ ಮುಂದ ಓಡಿಸಿಬಿಡು. ಆ ಸೀಟಿ ಒಮ್ಮೆ ಕೇಳ್ಬೇಕಾಗೇತಿ."

"ಇಷ್ಟೇ ಏನ್ರಿ ವೈನಿ?"

ಆ 'ಇಷ್ಟೇ' ಎಂಬ ಮಾತನ್ನು ನಾನು ಈ ಮೂಲಕ ಹಿಂತೆಗೆದುಕೊಳ್ಳುತ್ತೇನೆ.

ಹೊಸ ಬ್ಯಾಟರಿ ಹಾಕಿಸಿದ ಮೇಲೆ ಕಾರು ಶುರುವಾಯಿತು. ಓಡಿತು ಎಂದು ಹೇಳಲಾರೆ. ಮಂಡಿನೋವಿನವರು ಮೆಟ್ಟಿಲು ಹತ್ತುವಂತೆ ಸೆಲ್ಲಾರಿನ ಏರು ಹತ್ತಿತು. ಅಣ್ಣ ಎದುರಿಗೆ ಒಂದು ದುಂಡನೆಯ ಮೀಟರು ಕೂಡಿಸಿದ್ದ. ಟರ್ಬೊ ಗಾಳಿ ತುರುಕಿದಾಗ, ಅಣ್ಣನ ಮಾತಿನಲ್ಲಿ 'ಬೂಸ್ಟ್' ಬಂದಾಗ, ಅದರ ಮುಳ್ಳು ಒಂದರವರೆಗೆ ಏಳಬೇಕು. ಮುಳ್ಳು ಸೊನ್ನೆಯ ಮೇಲೆ ಮಲಗಿತ್ತು. ಸೀಟಿ ಇಲ್ಲ. ಇಡೀ ಕಾರಿನಲ್ಲಿ ಸ್ಥಿರಚಿತ್ತದಿಂದ ಇದ್ದದ್ದು ಪೆಟ್ರೋಲಿನ ಮುಳ್ಳೊಂದೇ. ಅರ್ಧಕ್ಕೆ ಬಂದು ಗಟ್ಟಿಯಾಗಿ ನಿಂತಿತ್ತು. ಅದನ್ನು ನೋಡಿ ನನಗೆ ಧೈರ್ಯ ಬಂತು.

ಅಣ್ಣನ ಮೆಕ್ಯಾನಿಕ್ ಜಬ್ಬಾರ್ ಭಾಯಿ ತಂಗಿಯ ಮದುವೆಗೆಂದು ಜಹೀರಾಬಾದಿಗೆ ಹೋಗಿದ್ದ, ಬರುವುದು ಶುಕ್ರವಾರ. ಅಲ್ಲಿಯವರೆಗೆ ಸುಮ್ಮನಿರಬಹುದಿತ್ತು. ಇರಲಿಲ್ಲ. ಹೊಸ ಫೈಲು ತೆರೆದು 'ವಿಷಯ: ಬೂಸ್ಟ್ ಬಾರದಿರುವ ಕುರಿತು' ಎಂದು ಬರೆದೆ.

ಸೋಮವಾರ ಬಾನೆಟ್ ತೆರೆಯುವ ಹಿಡಿಕೆಯನ್ನು ಹುಡುಕಿದೆ. ಒಂದನ್ನು ಎಳೆದೆ, ಹಿಂದಿನ ಡಿಕ್ಕಿ ತೆರೆಯಿತು. ಇನ್ನೊಂದನ್ನು ಎಳೆದೆ, ಸೀಟು ಹಿಂದಕ್ಕೆ ಬಿದ್ದು ನಾನು ಕಾರಿನ ಛಾವಣಿ ನೋಡುತ್ತ ಅಂಗಾತವಾದೆ. ಏಳಲು ಇನ್ನೊಬ್ಬರ ಕೈ ಬೇಕಲ್ಲ, ಹಾಗೇ ಇದ್ದೆ. ಸ್ವಲ್ಪ ಹೊತ್ತಿನ ಮೇಲೆ ವಾಚ್‌ಮನ್ ಯಾದಗಿರಿ ಕಿಟಕಿಯಲ್ಲಿ ಇಣುಕಿದ.

"ಪಡುಕುನ್ನಾರಾ ಸಾರ್?" ಮಲಗಿದ್ದೀರಾ ಎಂದು.

"ತನಿಖೆ ನಡೆದಿದೆ" ಎಂದು ತೆಲುಗಿನಲ್ಲಿ ಹೇಳಿದೆ.

ಮಂಗಳವಾರ ಬಾನೆಟ್ ತೆರೆಯಿತು. ಕೊಳವೆಗಳಲ್ಲಿ ಎಲ್ಲಾದರೂ ಗಾಳಿ ಸೋರುತ್ತಿದ್ದರೆ ಸಾಬೂನು ನೀರು ಹಚ್ಚಿದಾಗ ಅಲ್ಲಿ ಗುಳ್ಳೆ ಏಳುತ್ತದೆ ಎಂದು ಅಣ್ಣ ಹೇಳಿದ್ದು ನೆನಪಿತ್ತು. ಎಷ್ಟು ಸಾಬೂನು ಎಂದು ಹೇಳಿರಲಿಲ್ಲ. ನನ್ನ ಹೆಂಡತಿ ಪದ್ಮಾ ಬಟ್ಟೆಗೆಂದು ಇಟ್ಟಿದ್ದ ಪುಡಿಯ ಅರ್ಧ ಡಬ್ಬಿ ಬಕೆಟ್ಟಿಗೆ ಸುರಿದು, ಬುರುಗು ಎಬ್ಬಿಸಿ, ಇಂಜಿನ್ನಿನ ಮೇಲೆ ಹೊಯ್ದೆ. ಎಲ್ಲ ಕಡೆ ಗುಳ್ಳೆ ಎದ್ದಿತು. 'ಎಲ್ಲ ಕೊಳವೆಗಳೂ ಸೋರುತ್ತಿವೆ' ಎಂದು ಷರಾ ಬರೆದೆ.

"ಅರಿಬಿ ತೊಳಿಯೋ ಪುಡಿ ಎಲ್ಲಿ ಹೋತ್ರೀ?" ಎಂದು ಪದ್ಮಾ ಮಧ್ಯಾಹ್ನ ಕೇಳಿದಳು. "ಮೊದಲ ಆ ಹಸಿರು ಅಂಚಿನ ಪಂಚೆ ಹೋತು, ಈಗ ಪುಡಿ. ಈ ಮನ್ಯಾಗ ಒಂದೂ ಉಳಿಯಂಗಿಲ್ಲ."

ಆ ಪಂಚೆಯ ಕಥೆ ಹಳೆಯದು. ಅಣ್ಣನ ಹತ್ತನೇ ದಿನದ ಕರ್ಮದ ಹೊತ್ತಿಗೆ ನಾನು ಹೆಗಲ ಮೇಲೆ ಹಾಕಿಕೊಂಡಿದ್ದು, ಆಮೇಲೆ ಕಾಣೆಯಾಗಿತ್ತು. ಕರ್ಮ ಮಾಡಿಸಿದ ಆಚಾರ್ರೇ ಒಯ್ದಿದ್ದಾರೆಂದು ಪದ್ಮಾಳ ದೃಢ ನಂಬಿಕೆ. ಅಂದಿನಿಂದ ಆಚಾರ್ರು ಎದುರು ಸಿಕ್ಕರೆ ಅವಳು ಅವರ ಹೆಗಲನ್ನೇ ನೋಡುತ್ತಿದ್ದಳು.

ಬುಧವಾರ ಪರೀಕ್ಷಾ ಸಂಚಾರ. ಓಡಿಸುವವನು ರಸ್ತೆ ನೋಡಬೇಕು, ಮೀಟರು ನೋಡಲು ಇನ್ನೊಬ್ಬರು ಬೇಕು. ಪದ್ಮಾಳನ್ನು ಕೂಡಿಸಿಕೊಂಡು ಗಚ್ಚಿಬೌಲಿ ಕಡೆಯ ಅಗಲ ರಸ್ತೆಗೆ ಹೋದೆ. ಆಕ್ಸಿಲರೇಟರನ್ನು ಪೂರ್ತಿ ಒತ್ತಿದೆ.

"ಎಷ್ಟೈತಿ ಹೇಳು!"

"ಹತ್ತೂವರಿ!"

ಒಂದರ ಮೇಲೆ ಹೋಗಬಾರದ ಮುಳ್ಳು ಹತ್ತೂವರೆ! ಇನ್ನು ಇಂಜಿನ್ನು ಸಿಡಿಯುವುದೇ ಬಾಕಿ. ರಸ್ತೆಯ ನಡುವೆಯೇ ನಿಲ್ಲಿಸಿಬಿಟ್ಟೆ. ಹಿಂದಿನ ಕ್ಯಾಬ್ ಚಾಲಕರು ನನ್ನನ್ನು ಎರಡು ಭಾಷೆಗಳಲ್ಲಿ ಮಾತಾಡಿಸಿದರು.

"ಹತ್ತೂ ಮೂವತ್ತೊಂದು ಆತು" ಎಂದಳು ಪದ್ಮಾ, ಶಾಂತವಾಗಿ. ಅವಳು ನೋಡುತ್ತಿದ್ದದ್ದು ಗಡಿಯಾರ.

"ಅದಲ್ಲ ಮಾರಾಯ್ತಿ, ಅದರ ಬಾಜೂಕಿಂದು!"

"ಅದರಾಗ ಏನೂ ನಡದಿಲ್ಲಲ್ರೀ. ನಡದದ್ದನ್ನ ಹೇಳಿದೆ."

ಗುರುವಾರ ನಾನು ಒಂದು ಕೊಳವೆ ಬಿಚ್ಚಿದೆ. ಅದನ್ನು ಮತ್ತೆ ಕೂಡಿಸಿದ್ದು ಶುಕ್ರವಾರ ಬಂದ ಜಬ್ಬಾರ್ ಭಾಯಿ.

ಅವನು ಹಲ್ಲಿನಲ್ಲಿ ಕಡ್ಡಿ ಕಚ್ಚಿಕೊಂಡು ಸಾಬೂನಿನ ಬಿಳಿ ಕಲೆಗಳನ್ನು ನೋಡಿದ. ನನ್ನನ್ನು ನೋಡಿದ. ಫೈಲನ್ನೂ ನೋಡಿದ, ಪಾಪ. ಆಮೇಲೆ ಕಾರಿನ ಮುಂಭಾಗದಲ್ಲಿ, ಗಾಳಿ ಒಳಗೆ ಹೋಗುವ ಬಾಯಿಗೆ ಎರಡು ಬೆರಳು ಹಾಕಿ ಎಳೆಯತೊಡಗಿದ. ಬಟ್ಟೆ ಬಂತು. ಎಳೆದ ಹಾಗೆಲ್ಲ ಬರುತ್ತಲೇ ಇತ್ತು. ಮಸಿ ಮೆತ್ತಿದ, ಹಸಿರು ಅಂಚಿನ ಪಂಚೆ.

"ಗಾಡೀ ಕು ಧೋತಿ ಖಿಲಾರೇಂ ಕ್ಯಾ ಸಾಬ್?" ಎಂದ. ಕಾರಿಗೆ ಧೋತರ ತಿನ್ನಿಸುತ್ತಿದ್ದೀರಾ ಎಂದು.

ಉತ್ತರ ಕೊಟ್ಟದ್ದು ಯಾದಗಿರಿ. ಹತ್ತನೇ ದಿನ ಕರ್ಮ ಮುಗಿಸಿ ಬಂದಾಗ, ಇಲಿಗಳು ಕಾರಿನೊಳಗೆ ನುಗ್ಗುತ್ತಿವೆ ಎಂದು ಅವನೇ ನನಗೆ ಹೇಳಿದ್ದನಂತೆ. ನಾನು ಹೆಗಲ ಮೇಲಿನ ಪಂಚೆ ತೆಗೆದು, ಸುರುಳಿ ಸುತ್ತಿ, ಮಂಡಿಯೂರಿ ಕುಳಿತು, ಒಂದು ಮಾತೂ ಆಡದೆ ಆ ಬಾಯಿಗೆ ತುರುಕಿ ಮೇಲೆ ಹೋದೆನಂತೆ. ಇರಬಹುದು. ಆ ಹದಿಮೂರು ದಿನಗಳಲ್ಲಿ ನಾನು ಮಾಡಿದ್ದರಲ್ಲಿ ನನಗೆ ನೆನಪಿರುವುದು ಕಡಿಮೆ. ಅಣ್ಣನ ಕಾರನ್ನು ಇಲಿ ತಿನ್ನಬಾರದು ಎಂದು ಅನಿಸಿರಬೇಕು.

ಫೈಲು ಮುಚ್ಚಿದೆ. 'ತಪ್ಪಿತಸ್ಥರು: ತನಿಖಾಧಿಕಾರಿ.' ಪದ್ಮಾ ಆ ಸಂಜೆಯೇ ಒಂದು ಡಜನ್ ಬಾಳೆಹಣ್ಣು ಹಿಡಿದುಕೊಂಡು ಆಚಾರ್ರ ಮನೆಗೆ ಹೋಗಿ ಬಂದಳು. ಯಾಕೆಂದು ಅವರಿಗೆ ತಿಳಿಯಲಿಲ್ಲವಂತೆ.

ಶನಿವಾರ ಬಂದ್. ಆ ವರ್ಷ ನಮ್ಮ ಊರಿನಲ್ಲಿ ಬಂದ್‌ಗಳಿಗೆ ಕೊರತೆ ಇರಲಿಲ್ಲ. ರಸ್ತೆ ಅಂಗೈಯಂತೆ ಖಾಲಿ. ಇದಕ್ಕಿಂತ ಒಳ್ಳೆಯ ದಿನ ಸಿಕ್ಕದು ಎಂದು ಹೊರಟೆ. ವೈನಿ ಗ್ಯಾಲರಿಯಲ್ಲಿ ಬಂದು ಕುಳಿತಿದ್ದರು. ಮನೆ ಹತ್ತಿರವಾದಾಗ ಒತ್ತಿದೆ. ಕಾರು ಒಮ್ಮೆ ಉಸಿರು ತುಂಬಿಕೊಂಡು ನನ್ನ ಬೆನ್ನನ್ನು ಸೀಟಿಗೆ ಒತ್ತಿತು. ಮುಳ್ಳು ಒಂದಕ್ಕೆ ಎದ್ದಿತು. ಕಾಲು ತೆಗೆದೆ.

ಸೀಟಿ ಹೊಡೆಯಿತು!

ಗ್ಯಾಲರಿಯಲ್ಲಿ ವೈನಿ ಎದ್ದು ಒಳಗೆ ಹೋದದ್ದು ಕಂಡಿತು. ಆಮೇಲೆ ಎದುರಿಗಿನದೆಲ್ಲ ಮಂಜಾಯಿತು. ಗಾಜು ಮಂಜಾಗಿದೆಯೆಂದು ವೈಪರ್ ಹಾಕಿದೆ. ಉಪಯೋಗವಾಗಲಿಲ್ಲ.

ಸೆಲ್ಲಾರಿನ ಗೇಟು ಹಿಂದಿನ ಗಲ್ಲಿಯಲ್ಲಿದೆ. ಕಾಚಿಗುಡ ಚೌರಸ್ತೆ ಸುತ್ತಿಕೊಂಡೇ ಬರಬೇಕು. ಚೌರಸ್ತೆಯಲ್ಲಿ ಕಾರು ನಿಂತಿತು. ಪೆಟ್ರೋಲಿನ ಮುಳ್ಳು ಅರ್ಧಕ್ಕೇ ಇತ್ತು. ಟ್ಯಾಂಕಿನಲ್ಲಿ ಮಾತ್ರ ಏನೂ ಇರಲಿಲ್ಲ. ಬಂದ್ ಆದ್ದರಿಂದ ಬಂಕುಗಳೂ ಇರಲಿಲ್ಲ. ಯಾದಗಿರಿಗೆ ಫೋನು ಮಾಡಿದೆ. ಎಲ್ಲಿದ್ದೀರಿ ಎಂದು ಅವನು ಕೇಳಲೇ ಇಲ್ಲ, ನೆಟ್ಟಗೆ ಬಂದ. ಕಾರಿನ ಹಿಂಭಾಗದಲ್ಲಿ ಎರಡು ಕೈಗಳನ್ನು ಗೊತ್ತಿದ್ದ ಜಾಗದಲ್ಲಿ ಇಟ್ಟ.

"ಪೆದ್ದ ಸಾರ್ ಕೂಡಾ ಇಕ್ಕಡೇ ಆಗೇವಾರು ಸಾರ್."

ದೊಡ್ಡ ಸಾಹೇಬರೂ ಇಲ್ಲೇ ನಿಲ್ಲುತ್ತಿದ್ದರಂತೆ!

ಅರ್ಧ ತಾಸು ದೂಡಿದೆವು. ಅಂಗಿ ಹಿಂಡುವಷ್ಟು ತೊಯ್ದಿತ್ತು. ಮೂರನೇ ಮಹಡಿ ಹತ್ತಿ, "ಚಹಾ ಆರಿ ಹೋಗಿರಬೇಕ್ರಿ ವೈನಿ" ಎಂದೆ.

"ಇಲ್ಲ, ಈಗ ಸೋಸಾಕತ್ತೀನಿ" ಎಂದರು. "ಸೀಟಿ ಕೇಳಿದ ಮ್ಯಾಲೆ ಶುಂಠಿ ಜಜ್ಜಿ ಇಟ್ಕೊಂಡು, ಅರ್ಧಾ ತಾಸು ಬಿಟ್ಟು ಚಹಾ ಇಡೂದ ನನ್ನ ರೂಢಿ. ನಿಮ್ಮಣ್ಣ ಅಷ್ಟೊತ್ತಿಗೇ ಮ್ಯಾಲೆ ಬರ್ತಿದ್ರು. ಕೆಳಗ ಯಾರ ಜೋಡೀನೋ ಹರಟಿ ಹೊಡೀತಾರ ಅಂತ ತಿಳ್ಕೊಂಡಿದ್ದೆ." ನನ್ನ ಅಂಗಿಯನ್ನು ನೋಡಿದರು. "ಅವರ ಅಂಗೀನೂ ಹಿಂಗ ತೊಯ್ದಿರ್ತಿತ್ತು. ಹಂಗಾರ ದಿನಾ ದೂಡಿಕೊಂಡ ಬರ್ತಿದ್ರೇನೋ?"

ನಾನು ಅಣ್ಣನನ್ನು ಬಿಟ್ಟುಕೊಡಲಿಲ್ಲ. ಚಹಾ ಕುಡಿದೆ. ವೈನಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕರು. ಬಹಳ ಹೊತ್ತು ನಕ್ಕರು. ಕೊನೆಯಲ್ಲಿ ಅದು ನಗುವೋ ಏನೋ ತಿಳಿಯಲಿಲ್ಲ. ನಾನು ಕಪ್ಪಿನೊಳಗೆ ನೋಡುತ್ತ ಕುಳಿತೆ.

ಭಾನುವಾರ ಇಂಜಿನಿಯರು ಬಂದ. ಕಾರು ಶುರುವಾಗಲಿ ಎಂದು ನನ್ನ ಸ್ಕೂಟರಿನಿಂದ ಒಂದು ಬಾಟಲಿ ಪೆಟ್ರೋಲು ಇಳಿಸಿ ಹಾಕಿದ್ದೆ. ಕೀಲಿಕೈ ಕೊಡುವಾಗ ಅವನಿಗೆ ಒಂದು ಮಾತು ಹೇಳುವುದಿತ್ತು, ಆದರೆ ಬಾನೆಟ್ ಸವರುತ್ತ ನಿಂತುಬಿಟ್ಟೆ. "ಎಲ್ಲ ಸರಿ ಇದೆ, ನಾನೇ ನೋಡಿದ್ದೇನೆ" ಎಂದಷ್ಟೇ ಹೇಳಿದೆ. ಹೊಸ ಹುರುಪಿನಲ್ಲಿ ಅವನು ಮನೆ ಮುಂದೆಯೇ ಒಮ್ಮೆ ಸೀಟಿ ಹೊಡೆಸಿ ಹೋದ. ವೈನಿ ರೂಢಿಯಂತೆ ಎದ್ದು ಅಡುಗೆಮನೆಗೆ ಹೋದರು.

ಅಷ್ಟರಲ್ಲಿ ನನ್ನ ಫೋನು ರಿಂಗಾಯಿತು. ಇಂಜಿನಿಯರು.

"ಅಂಕಲ್, ಕಾಚಿಗುಡ ಚೌರಸ್ತಾ ಹತ್ತಿರ ಗಾಡಿ ನಿಂತುಹೋಗಿದೆ. ಅರ್ಧ ಟ್ಯಾಂಕ್ ತೋರಿಸುತ್ತಿದೆಯಲ್ಲ?"

ನಾನು ಚಪ್ಪಲಿ ಮೆಟ್ಟಿಕೊಂಡೆ. ಕೆಳಗೆ ಯಾದಗಿರಿ ಆಗಲೇ ತೋಳು ಮಡಚುತ್ತ ನಿಂತಿದ್ದ.

"ಹೋಗಿ ಬಾ, ಆ ಹುಡುಗನ್ನೂ ಕರಕೊಂಡ ಬಾ" ಎಂದು ವೈನಿ ಒಳಗಿನಿಂದಲೇ ಹೇಳಿ, ಈ ಸಲ ಆಗಲೇ ಹಚ್ಚಿದ್ದ ಗ್ಯಾಸು ಆರಿಸಿದರು. "ಅರ್ಧಾ ತಾಸು ಐತಲ್ಲ."