ನಮ್ಮ ಉಗ್ರಾಣ ಎಲ್ಲಕ್ಕೂ ಹತ್ತಿರವೆಂದು ಕಂಡುಹಿಡಿದ ಲೆಕ್ಕದ ಯಂತ್ರಕ್ಕೆ

ಪ್ರಾಂತ್ಯದ ಧಾನ್ಯ ಕಚೇರಿಯ ಎರಡನೇ ಮಹಡಿಯಲ್ಲಿ, ಹೀಟರಿನ ಪಕ್ಕದ ಬೆಚ್ಚನೆಯ ಮೂಲೆಯಲ್ಲಿ ವಿರಾಜಮಾನರಾಗಿರುವ ಮಾನ್ಯ ಲೆಕ್ಕದ ಯಂತ್ರದವರೇ,

ಬೋಜ್‌ತಾಲ್ ಗೋಧಿ ಉಗ್ರಾಣದ ಮೇಲ್ವಿಚಾರಕನಾದ ಸಗಿಂಡಿಕ್ ಎಂಬ ನಾನು ಮಾಡುವ ಸವಿನಯ ನಮಸ್ಕಾರಗಳು. ತಮ್ಮ ತಂತಿಗಳು ಕ್ಷೇಮವೆಂದೂ ಫ್ಯಾನು ಸರಾಗವಾಗಿ ತಿರುಗುತ್ತಿದೆಯೆಂದೂ ನಂಬಿದ್ದೇನೆ. ಇಲ್ಲಿ ನಮ್ಮ ಕುರಿಗಳು ಕ್ಷೇಮ, ಕುದುರೆಗಳು ಕ್ಷೇಮ, ನಾವೂ ಒಂದು ಮಟ್ಟಿಗೆ ಕ್ಷೇಮ. ಗೋಧಿಯ ವಿಷಯ ಮಾತ್ರ ಕೇಳಬೇಡಿ.

ಐದು ಉಗ್ರಾಣಗಳ ನಡುವಿನ ಸಾಗಣೆ ಖರ್ಚನ್ನು ತಗ್ಗಿಸಲು ತಾವು ಒಂದೇ ನಿಮಿಷ ಯೋಚಿಸಿ, ಬೋಜ್‌ತಾಲ್ ಉಳಿದ ನಾಲ್ಕಕ್ಕೂ ಮೂರೇ ಕಿಲೋಮೀಟರ್ ದೂರದಲ್ಲಿರುವುದರಿಂದ ಎಲ್ಲರ ಗೋಧಿಯೂ ಮೊದಲು ಅಲ್ಲಿಗೇ ಹೋಗತಕ್ಕದ್ದು ಎಂದು ಅಪ್ಪಣೆ ಕೊಡಿಸಿದಿರಿ. ನಲವತ್ತು ವರ್ಷದಿಂದ ಇಲ್ಲೇ ಬಿದ್ದಿರುವ ನನಗೆ ಹೊಳೆಯದ ಸಂಗತಿ ತಮಗೆ ಹೊಳೆದದ್ದು ಕಂಡು ನಾನು ಟೋಪಿ ತೆಗೆದು ತಲೆ ಕೆರೆದುಕೊಂಡೆ. ಹಿರಿಯನೆಂದು ನನ್ನನ್ನು 'ಆಗಾ' ಎಂದೇ ಕರೆಯುವ ಲಾರಿ ಚಾಲಕ ಎರ್ಮೆಕ್ ಎರಡು ಟೈರು ಒಡೆದುಕೊಂಡು ಬಂದಿಳಿದವನು, "ಆಗಾ, ಈ ಮೂರು ಕಿಲೋಮೀಟರಲ್ಲಿ ಎರಡು ಸಲ ಸೂರ್ಯ ಮುಳುಗಿದ ನೋಡಿ" ಅಂದ.

ಉಗ್ರಾಣ ತುಂಬಿತು. ಶಾಲೆಯ ಆಟದ ಕೋಣೆ ತುಂಬಿತು, ಕ್ಲಬ್ಬಿನ ನಾಟಕದ ವೇದಿಕೆಯೂ ತುಂಬಿತು. ಕೊನೆಗೆ ನಮ್ಮ ಹಬೆಸ್ನಾನದ ಮನೆಗೂ ಗೋಧಿ ಸುರಿದಾಗ ನನ್ನ ಹೆಂಡತಿ ಉರ್ಕಿಯಾ, "ರೀ, ನಾನಿನ್ನು ಗೋಧೀಲೇ ಸ್ನಾನ ಮಾಡ್ಲಾ, ಇಲ್ಲ ಅದಕ್ಕೂ ಕಚೇರಿ ಅಪ್ಪಣೆ ಬರಬೇಕಾ?" ಎಂದು ಕೇಳಿದ್ದಾಳೆ. ತಮ್ಮ ಉತ್ತರಕ್ಕಾಗಿ ಅವಳು ಟವೆಲ್ ಹಿಡಿದು ಕಾದಿದ್ದಾಳೆ.

ನಗು ಹಾಗಿರಲಿ. ನಮ್ಮೂರಿನ ಬಿತ್ತನೆ ಗೋಧಿ ಈ ರಾಶಿಯ ಅಡಿಯಲ್ಲಿದೆ, ಬಿತ್ತನೆಗೆ ಇನ್ನು ಒಂಬತ್ತೇ ದಿನ, ತಮ್ಮ ಅಪ್ಪಣೆಯಿಲ್ಲದೆ ಒಂದು ಮೂಟೆಯನ್ನೂ ಅಲುಗಿಸುವಂತಿಲ್ಲ. ಅದು ಮಣ್ಣಿಗೆ ಬೀಳದಿದ್ದರೆ ಬರುವ ಚಳಿಗಾಲಕ್ಕೆ ನಮ್ಮ ಒಲೆಗಳಲ್ಲಿ ರೊಟ್ಟಿ ಇರುವುದಿಲ್ಲ. ಆದ್ದರಿಂದ ತಾವು ದಯವಿಟ್ಟು ಉಳಿದ ನಾಲ್ಕು ಉಗ್ರಾಣಗಳನ್ನು ಬುಡಸಮೇತ ಕಿತ್ತು, ತಮ್ಮ ಲೆಕ್ಕದಲ್ಲಿರುವ ಜಾಗಕ್ಕೆ ತಂದು ನೆಡಿಸಬೇಕು. ಅದಾಗದಿದ್ದರೆ ಬೇಸಿಗೆಯನ್ನು ಎರಡು ತಿಂಗಳು ಮುಂದೂಡಿ, ಹಿಮಕ್ಕೂ ಒಂದು ಸುತ್ತೋಲೆ ಕಳಿಸಬೇಕು.

ತಪ್ಪು ತಮ್ಮದೆಂದು ನಾನು ಹೇಳುತ್ತಿಲ್ಲ, ಹೇಳಿದರೆ ಉರ್ಕಿಯಾ ಸುಮ್ಮನಿರುವುದಿಲ್ಲ. ಕಳೆದ ಶರತ್ಕಾಲದಲ್ಲಿ ತಮ್ಮ ಕಚೇರಿಯ ಇಬ್ಬರು ಹುಡುಗರು ನಮ್ಮ ಮನೆಯಲ್ಲಿ ಹಾಲು ಬೆರೆಸಿದ ಚಹಾ ಕುಡಿಯುತ್ತ, ಎಣ್ಣೆಯಲ್ಲಿ ಕರಿದ ಬೌರ್ಸಾಕ್ ಮೆಲ್ಲುತ್ತ, ಒಂದೊಂದೇ ಉಗ್ರಾಣದ ಹೆಸರು ಹೇಳಿ "ಇಲ್ಲಿಂದ ಎಷ್ಟು ದೂರ ಆಗಾ?" ಎಂದು ಕೇಳಿದರು. ಮನೆಯಲ್ಲಿ ಕೂತ ಅತಿಥಿಗೆ ದೂರ ಅನ್ನುವುದೂ ಒಂದೇ, ಇನ್ನು ಈ ಕಡೆ ಬರಬೇಡಿ ಅನ್ನುವುದೂ ಒಂದೇ. ಹಾಗಾಗಿ ನಾಲ್ಕು ಸಲವೂ ಕಿಟಕಿಯಾಚೆಯ ಅದೇ ದಿಬ್ಬವನ್ನು ತೋರಿಸಿ "ಇಲ್ಲೇ, ಅದರಾಚೆ" ಅಂದೆ. ನಾಲ್ಕು ಸಲವೂ ಹುಡುಗರು 'ಮೂರು ಕಿಲೋಮೀಟರ್' ಎಂದು ಬರೆದುಕೊಂಡರು, ನಾಲ್ಕು ಸಲವೂ ಉರ್ಕಿಯಾ ನನ್ನ ಕಾಲು ತುಳಿದಳು. ಹೋದ ವಾರ ಲೆಕ್ಕ ತಿದ್ದಲೆಂದೇ ಒಬ್ಬ ಅಧಿಕಾರಿ ಬಂದಿದ್ದರು. ಅವರಿಗೂ ಚಹಾ ಕೊಟ್ಟೆ, ಅವರಿಗೂ ಅದೇ ದಿಬ್ಬ ತೋರಿಸಿದೆ. ಏನು ಮಾಡಲಿ, ಅತಿಥಿಗೆ ದೂರ ಎನ್ನಲು ಬಾಯಿ ಬರಲಿಲ್ಲ.

ತಾವಾದರೋ ಚಹಾ ಕುಡಿಯುವವರಲ್ಲ, ತಮ್ಮೆದುರು ನಾಚಿಕೆಯಿಲ್ಲ. ಆದುದರಿಂದ ಜೀವಮಾನದಲ್ಲಿ ಮೊದಲ ಬಾರಿಗೆ ನಿಜ ಬರೆಯುತ್ತಿದ್ದೇನೆ: ತೊಂಬತ್ತಾರು, ನೂರ ನಲವತ್ತು, ನೂರ ಎಂಬತ್ತೈದು, ಇನ್ನೂರ ಹತ್ತು ಕಿಲೋಮೀಟರ್. ದಯವಿಟ್ಟು ಇದನ್ನು ಮನುಷ್ಯರ್ಯಾರಿಗೂ ತೋರಿಸದೆ ಲೆಕ್ಕ ತಿದ್ದಿ, ನಮ್ಮ ಬೀಜ ನಮಗೆ ಬಿಡಿಸಿಕೊಡಿ.

ರಾಶಿಯ ಮೇಲೆ ಕೂತು ಈ ಪತ್ರ ಬರೆದ,
ತಮ್ಮ ವಿಶ್ವಾಸಿ,
ಸಗಿಂಡಿಕ್

ತಾ.ಕ.: ನನ್ನ ಮಾತಿನಲ್ಲಿ ಸಂಶಯವಿದ್ದರೆ ತಾವೇ ಖುದ್ದಾಗಿ ಬಂದು ಅಳೆಯಬಹುದು. ಬಾಗಿಲು ಸದಾ ತೆರೆದಿದೆ. ದೂರವೇನಿಲ್ಲ, ಇಲ್ಲೇ, ಆ ದಿಬ್ಬದಾಚೆ.